ಓದದೆ ಹಾಕಿದ ಹೆಸರು

ಅತೀಯಾಳ ಮೂರನೇ ಆವೃತ್ತಿಯನ್ನು ನಾನು ಓದಲಿಲ್ಲ. ಸಮಯವಿರಲಿಲ್ಲ ಎಂದಲ್ಲ. ಓದಿದರೆ ಏನಾದರೂ ಸಿಕ್ಕಿಬಿಡುತ್ತದೆ ಎಂಬ ಹೆದರಿಕೆಯಿಂದ ಓದಲಿಲ್ಲ.

ಕೊಡಿಗೇಹಳ್ಳಿಯಲ್ಲಿ ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿ ನಮ್ಮ ಆಫೀಸು. ಚಿಪ್ ತಯಾರಿಸುವ ದೊಡ್ಡವರು ತಮ್ಮ ಚಿಪ್ಪಿಗೆ ಬೇಕಾದ ಸಣ್ಣಪುಟ್ಟ ಬರವಣಿಗೆಯನ್ನು ನಮ್ಮಂಥವರಿಂದ ಮಾಡಿಸಿಕೊಳ್ಳುತ್ತಾರೆ. ಚಿಪ್ ತಾನಾಗಿ ‘ನಾನು ಇಲ್ಲಿದ್ದೇನೆ’ ಎಂದು ಕಂಪ್ಯೂಟರಿಗೆ ಹೇಳಿಕೊಳ್ಳುವುದಿಲ್ಲ. ಅದು ಯಾವ ವಿಳಾಸದಲ್ಲಿದೆ, ಯಾವ ತಂತಿ ಎಲ್ಲಿಗೆ ಹೋಗಿದೆ ಎಂಬುದನ್ನೆಲ್ಲ ಬೋರ್ಡು ಮಾಡುವವರು ಒಂದು ಕಡತದಲ್ಲಿ ಬರೆದುಕೊಡಬೇಕು. ಆ ಕಡತದಲ್ಲಿ ಏನೇನು ಬರೆಯಬೇಕು, ಬರೆದದ್ದಕ್ಕೆ ಏನರ್ಥ, ಬರೆಯದೇ ಬಿಟ್ಟರೆ ಏನರ್ಥ ಎಂದು ಹೇಳುವ ನಿಯಮಕ್ಕೆ ನಾವು ಬೈಂಡಿಂಗ್ ಎನ್ನುತ್ತೇವೆ. ಒಬ್ಬರು ಬರೆದದ್ದನ್ನು, ನಮ್ಮ ಮಾತಿನಲ್ಲಿ ಪ್ಯಾಚನ್ನು, ಎಲ್ಲರಿಗೂ ಕಾಣುವ ಮೇಲಿಂಗ್ ಲಿಸ್ಟಿಗೆ ಕಳಿಸುತ್ತಾರೆ. ಇನ್ನೊಬ್ಬರು ಓದಿ, ತಪ್ಪು ತೋರಿಸಿ, ಎಲ್ಲ ಸರಿಯಾದ ಮೇಲೆ ‘ರಿವ್ಯೂಡ್-ಬೈ’ ಎಂದು ತಮ್ಮ ಹೆಸರಿನ ಸಾಲೊಂದನ್ನು ಕೊಡುತ್ತಾರೆ. ನಾನು ಓದಿದ್ದೇನೆ, ಇದಕ್ಕೆ ನಾನೂ ಜವಾಬ್ದಾರಳು ಎಂದು ಅದರ ಅರ್ಥ. ಹೆಸರು ಆ ಬದಲಾವಣೆಯ ಜೊತೆಗೇ ಉಳಿಯುತ್ತದೆ, ಅಳಿಸಲಾಗುವುದಿಲ್ಲ.

ಮೀಟಿಂಗಿನಲ್ಲಿ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಕ್ಯಾಂಟೀನಿನಲ್ಲಿ ಉಪ್ಪು ಕೇಳುವುದಕ್ಕೂ ಹಿಂಜರಿಯುತ್ತೇನೆ. ಬರೆಯಲು ಕೂತರೆ ಮಾತ್ರ ನಾನು ಬೇರೆಯವಳು. ಲಿಸ್ಟಿನಲ್ಲಿ ನನ್ನನ್ನು ನೋಡದ ಜನ ನನಗೆ ಹೆದರುತ್ತಾರೆಂದು ನಮ್ಮ ಲೀಡ್ ಮನೋಹರ್ ಸರ್ ಹೆಮ್ಮೆಯಿಂದ ಹೇಳುತ್ತಿರುತ್ತಾರೆ.

ಅತೀಯಾ ನನ್ನ ಪಕ್ಕದ ಮೇಜಿನವಳು. ಸೇರಿ ವರ್ಷವಾಗಿರಲಿಲ್ಲ, ಇನ್ನೂ ಪ್ರೊಬೇಷನ್. ಒಂದು ನೆಟ್‌ವರ್ಕ್ ಕಂಟ್ರೋಲರಿನ ಬೈಂಡಿಂಗ್ ಅವಳ ಮೊದಲ ಕೆಲಸ. ಅದು ಕಂಪ್ಯೂಟರಿನ ತಳಹದಿಯ ತಂತ್ರಾಂಶವಾದ ಕರ್ನಲ್‌ನ ಮುಂದಿನ ಬಿಡುಗಡೆಯಲ್ಲಿ ಸೇರಿದರೆ ಅವಳ ಕೆಲಸ ಕಾಯಂ ಎಂದು ಮನೋಹರ್ ಸರ್ ಹೇಳಿಬಿಟ್ಟಿದ್ದರು. ಮೊದಲ ಆವೃತ್ತಿಗೆ ನಾನು ಹದಿನಾಲ್ಕು ಟಿಪ್ಪಣಿ ಬರೆದೆ. ಪಕ್ಕದಲ್ಲೇ ಕೂತಿದ್ದವಳಿಗೆ ಬಾಯಿಬಿಟ್ಟು ಹೇಳದೆ, ಎಲ್ಲವನ್ನೂ ಲಿಸ್ಟಿಗೆ, ನನ್ನ ಎಂದಿನ ಧಾಟಿಯಲ್ಲಿ. ಅಂದು ಮಧ್ಯಾಹ್ನ ಹೆಂಗಸರ ಟಾಯ್ಲೆಟ್ಟಿನಲ್ಲಿ ನಲ್ಲಿ ಬಿಟ್ಟುಕೊಂಡು ಅವಳು ಅಳುವುದು ಹೊರಗೆ ನಿಂತಿದ್ದ ನನಗೆ ಕೇಳಿಸಿತು. ನಾನು ಕೈ ತೊಳೆಯದೆ ವಾಪಸು ಬಂದೆ.

ಎರಡನೆಯದರ ಹೊತ್ತಿಗೆ ಹೆಚ್ಚಿನವನ್ನು ಸರಿಮಾಡಿದ್ದಳು. ಮೂರನೆಯದು ಬಂದಾಗ ನಾನು ಆ ಮೇಲನ್ನು ತೆರೆದು, ಕೆಳಗಿನವರೆಗೆ ಎಳೆದು, ಮತ್ತೆ ಮೇಲಕ್ಕೆ ಎಳೆದು ಮುಚ್ಚಿದೆ.

ಊಟ ಮುಗಿಸಿ ಕೆಳಗಿನ ದರ್ಶಿನಿಯಲ್ಲಿ ಬೈ-ಟೂ ಕಾಫಿ ಹಿಡಿದು ನಿಂತಿದ್ದಾಗ ಅವಳು ಕೇಳಿದಳು, “ಓದಿದ್ಯೇನೇ ಸಂಯು?”

“ಹ್ಞೂಂ.”

“ಏನ್ ಸಿಕ್ತು?”

“ಏನಿಲ್ಲ.”

“ಏನೂ ಇಲ್ವಾ? ಒಂದ್ ಕಾಮಾನೂ?”

“ಇಲ್ಲ ಕಣೆ.”

“ಯಾ ಅಲ್ಲಾ! ಜ್ವರ ಗಿರ ಬಂದಿದ್ಯೇನೇ ನಿಂಗೆ?” ಎಂದು ನನ್ನ ಹಣೆ ಮುಟ್ಟಿ ನೋಡಿದಳು. ಅವಳ ಮುಖದಲ್ಲಿದ್ದ ಸಂತೋಷ ನೋಡಿ, ನಾನು ಮಾಡಿದ್ದು ಒಳ್ಳೆಯದೇ ಎಂದು ನನಗೆ ನಾನೇ ಹೇಳಿಕೊಂಡೆ. ಮೇಲೆ ಹೋಗಿ ನನ್ನ ಹೆಸರಿನ ಸಾಲನ್ನು ಕಳಿಸಿದೆ.

ಎರಡು ದಿನದಲ್ಲಿ ಯುರೋಪಿನಲ್ಲೆಲ್ಲೋ ಕೂತು ಆ ಭಾಗದ ಉಸ್ತುವಾರಿ ನೋಡುವ ಮೇಂಟೇನರ್ ಅದನ್ನು ಸೇರಿಸಿಕೊಂಡರು. ಲಿಸ್ಟಿನಲ್ಲಿ ಅವರು ಬರೆದದ್ದು ಇಷ್ಟೇ: ಸಂಯುಕ್ತಾ ಓದಿ ಒಪ್ಪಿದ್ದಾರೆ, ನನಗೆ ಅಷ್ಟು ಸಾಕು.

ಆ ಭಾನುವಾರ ಅತೀಯಾಳ ಅಮ್ಮ ನನ್ನನ್ನು ಊಟಕ್ಕೆ ಕರೆಸಿಕೊಂಡರು. ಆರ್.ಟಿ. ನಗರದಲ್ಲಿ ಮಸೀದಿಯ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಬಾಗಿಲಲ್ಲೇ ಫಖ್ರುನ್ನೀಸಾ ಆಂಟಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೀನೇನಾ ಆ ಟೆರರ್ ಮೇಡಂ? ಇಷ್ಟೇ ಇಷ್ಟ್ ಇದೀಯಾ!”

“ಅಮ್ಮೀ!” ಎಂದಳು ಅತೀಯಾ.

“ಯಾಕೆ, ನೀನೇ ಹೇಳಿದ್ದಲ್ವಾ? ಹದಿನಾಲ್ಕು ತಪ್ಪು ತೆಗ್ದು ಅಳಿಸಿದ್ಳು ಅಂತ. ಆಮೇಲೆ ಅದೇ ಹುಡ್ಗಿಗೆ ಒಂದೂ ಸಿಗ್ದಂಗೆ ಬರ್ದೆ ಅಂತ ಮನೆ ತುಂಬಾ ಕುಣಿದಿದ್ದೂ ನೀನೇ.” ನನ್ನ ಕಡೆ ತಿರುಗಿ, “ಕೂತ್ಕೋ ಬೇಟಿ. ನೀವು ತಿನ್ನಲ್ಲ ಅಂತ ದಾಲ್ಚಾಗೆ ಮಟನ್ ಹಾಕಿಲ್ಲ, ಬರೀ ಸೋರೆಕಾಯಿ. ಪಾತ್ರೆನೂ ಬೇರೆ. ಧೈರ್ಯವಾಗಿ ತಿನ್ನು” ಎಂದರು.

ತಟ್ಟೆ ಖಾಲಿಯಾದ ಹಾಗೆಲ್ಲ ಬಡಿಸಿದರು. ಬೇಡವೆನ್ನಲು ನನಗೆ ಎಂದೂ ಬಂದದ್ದಿಲ್ಲ. ಅತೀಯಾಳ ತಂದೆಯ ಅಂಗಡಿಗೆ ಬಂದವರಿಗೆಲ್ಲ ಮಗಳ ಹೆಸರು ಇಂಟರ್‌ನೆಟ್ಟಿನಲ್ಲಿ ಬಂದದ್ದನ್ನು ತೋರಿಸಿದ್ದಾರಂತೆ. “ಇವಳ ಹೆಸರಿನ ಕೆಳಗೆ ನಿನ್ನ ಹೆಸರೂ ಇದೆಯಂತಲ್ಲಾ?” ಎಂದು ಆಂಟಿ ಕೇಳಿದರು. ನಾನು ತಲೆಯಾಡಿಸಿದೆ.

ಮನೆಗೆ, ಪುಟ್ಟೇನಹಳ್ಳಿಗೆ, ಬಸ್ಸಿನಲ್ಲಿ ಬರುವಾಗ ಈಗಲಾದರೂ ಓದಬೇಕೆಂದುಕೊಂಡೆ. ಮೊಬೈಲಿನಲ್ಲಿ ತೆರೆದೂ ಬಿಟ್ಟೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ನಿಂತಿತು, ಮತ್ತೆ ಹೊರಟಿತು. ನಾನು ಕಿಟಕಿಯಾಚೆ ಕೆರೆಯನ್ನೇ ನೋಡುತ್ತಿದ್ದೆ.

ಓದಿಸಿದ್ದು ಬೇರೆಯವರು. ಕೆಲವು ವಾರಗಳ ಮೇಲೆ ವೀರಬಸಪ್ಪ ಎಂಬುವವರಿಂದ ನನಗೊಬ್ಬಳಿಗೇ ಒಂದು ಮೇಲ್ ಬಂತು. ಯಶವಂತಪುರದಲ್ಲಿ ಅವರದೊಂದು ಸಣ್ಣ ಘಟಕ. ಕೋಲ್ಡ್ ಸ್ಟೋರೇಜುಗಳ ಉಷ್ಣಾಂಶವನ್ನು ಗಳಿಗೆಗಳಿಗೆಗೂ ಕಳಿಸುವ ಪೆಟ್ಟಿಗೆಗಳನ್ನು ಮಾಡುತ್ತಾರೆ. ಹೊಸ ಪೆಟ್ಟಿಗೆಗೆ ಇದೇ ಚಿಪ್ಪು. ಕರ್ನಲ್ಲಿನ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಯನ್ನು ಹಾಕಿ ನೋಡುತ್ತಿದ್ದರು. ಕನ್ನಡದವರ ಹೆಸರು ಕಂಡು ಧೈರ್ಯ ಮಾಡಿ ಕನ್ನಡದಲ್ಲೇ ಬರೆದಿದ್ದರು:

“ಮೇಡಂ, ಲಿಂಕ್ ದೀಪ ಉರೀತಿದೆ, ಆದರೆ ಒಂದು ಪ್ಯಾಕೆಟ್ಟೂ ಹೋಗುತ್ತಿಲ್ಲ. ಬೈಂಡಿಂಗಿನಲ್ಲಿ ಡಿಲೇ ಸಾಲು ಬರೆಯದಿದ್ದರೆ ಡಿಲೇ ಇಲ್ಲ ಅಂತಿದೆ. ನಮ್ಮಲ್ಲಿ ಎದುರಿನ ಚಿಪ್ಪೇ ಡಿಲೇ ಕೊಡುತ್ತದೆ, ಅದಕ್ಕೇ ಬಿಟ್ಟಿದ್ದೇನೆ. ನೀವು ಓದಿರುವುದರಿಂದ ಅಲ್ಲಿ ತಪ್ಪಿರಲಾರದು. ನನ್ನ ಹುಡುಗರ ಸೋಲ್ಡರಿಂಗೇ ಸರಿಯಿಲ್ಲ ಅಂತ ಬೈದು ಎಲ್ಲ ಬೋರ್ಡೂ ಬಿಚ್ಚಿಸಿ ಮತ್ತೆ ಮಾಡಿಸಿದೆ. ಆದರೂ ಅದೇ.”

ಆಗ ಓದಿದೆ. ಮೊದಲ ಸಾಲಿನಿಂದ.

ಕಂಟ್ರೋಲರ್ ಡೇಟಾ ಕಳಿಸುವಾಗ ಅದರ ಜೊತೆಗಿನ ಕ್ಲಾಕ್ ಸಂಕೇತ ಒಂದು ಕೂದಲೆಳೆಯಷ್ಟು ತಡವಾಗಿ ಹೋಗಬೇಕು, ಇಲ್ಲವಾದರೆ ಎದುರಿನ ಚಿಪ್ಪಿಗೆ ಎಲ್ಲಿಂದ ಓದಬೇಕೋ ತಿಳಿಯುವುದಿಲ್ಲ. ಡಿಲೇ ಎನ್ನುವ ಆ ತಡವನ್ನು ಈ ಚಿಪ್ಪಾದರೂ ಕೊಡಬೇಕು, ಆ ಚಿಪ್ಪಾದರೂ ಕೊಡಬೇಕು. ಇಬ್ಬರೂ ಕೊಟ್ಟರೆ ಕೆಟ್ಟಿತು. ಆ ಸಾಲು ಇಲ್ಲದಿದ್ದರೆ ನಮ್ಮ ಚಿಪ್ಪು ತಡ ಕೊಡುವುದಿಲ್ಲ ಎಂದು ಅತೀಯಾ ಬರೆದಿದ್ದಳು. ಚಿಪ್ಪಿನ ಮ್ಯಾನ್ಯುವಲ್ ತೆಗೆದು ನೋಡಿದೆ. ಕರೆಂಟು ಬಂದ ಗಳಿಗೆಯಿಂದ, ಯಾರಾದರೂ ಬೇಡ ಎನ್ನುವವರೆಗೂ, ಅದು ತಡ ಕೊಡುತ್ತಲೇ ಇರುತ್ತದೆ. ಅತೀಯಾಳ ಬೋರ್ಡಿನಲ್ಲಿ ಆ ಸಾಲು ಇತ್ತು. ಹಾಗಾಗಿ ಅವಳಿಗೆ ಎಲ್ಲವೂ ಸರಿಯಾಗಿಯೇ ಕಂಡಿತ್ತು.

ಇನ್ನೂ ಒಂದಿತ್ತು. ಮೊದಲ ಆವೃತ್ತಿಯಲ್ಲಿ ಅವಳು ಆ ಸಾಲನ್ನು ಕಡ್ಡಾಯ ಮಾಡಿದ್ದಳು. ‘ಕಡ್ಡಾಯ ಬೇಡ, ಬಿಟ್ಟರೆ ಏನರ್ಥವೆಂದು ಬರೆಯಿರಿ’ ಎಂದವಳು ನಾನು. ಹದಿನಾಲ್ಕರಲ್ಲಿ ಅದೂ ಒಂದು. ಕೇಳಿದವಳು, ಅದಕ್ಕೆ ಬಂದ ಉತ್ತರ ಸರಿಯೇ ಎಂದು ತಿರುಗಿ ನೋಡಲಿಲ್ಲ.

ಆ ವಾರಾಂತ್ಯಕ್ಕೆ ಬಿಡುಗಡೆ. ಬಿಡುಗಡೆಯಾದ ಮೇಲೆ ಬೈಂಡಿಂಗಿನ ಅರ್ಥ ಬದಲಿಸುವಂತಿಲ್ಲ, ಅದನ್ನು ನಂಬಿ ಬೋರ್ಡು ಮಾಡಿದವರು ಇರುತ್ತಾರೆ. ಸೋಮವಾರ ಅತೀಯಾಳ ಕಾಯಮಾತಿಯ ಮೀಟಿಂಗು. ತಪ್ಪನ್ನು ಈಗ ತಿದ್ದಿದರೆ ಆ ತಿದ್ದುಪಡಿಯಲ್ಲಿ ‘ಫಿಕ್ಸಸ್’ ಎಂದು ಬರೆದು ಮುಂದೆ ಅವಳ ಪ್ಯಾಚಿನ ಹೆಸರು ಹಾಕಬೇಕು. ಅದು ನಮ್ಮವರ ನಿಯಮ. ತಿದ್ದದಿದ್ದರೆ ಅವಳ ಕೆಲಸ ಕಾಯಂ, ತಪ್ಪೂ ಕಾಯಂ.

ನಾನು ಮಾಡಿದ್ದು ಅತಿ ಸುಲಭದ ಕೆಲಸ. ಆ ಸಾಲನ್ನು ಬರೆದು ಮುಂದೆ ಸೊನ್ನೆ ಹಾಕಿ ಎಂದು ವೀರಬಸಪ್ಪನವರಿಗೆ ಮಾತ್ರ ಉತ್ತರಿಸಿದೆ. ಏಕೆ ಎಂದು ಬರೆಯಲಿಲ್ಲ. ಸಂಜೆಯೊಳಗೆ ಅವರ ಮೇಲ್ ಬಂತು. “ಹೋಯ್ತು ಮೇಡಂ! ಪಿಂಗ್ ಹೋಯ್ತು! ಹುಡುಗರಿಗೆಲ್ಲ ಮಸಾಲೆ ದೋಸೆ ಕೊಡಿಸಿದೆ. ನಿಮ್ಮಂಥವರು ಇರುವುದರಿಂದ ನಮ್ಮಂಥವರು ಬದುಕುತ್ತೇವೆ.”

ಅದನ್ನು ಓದಿದ ಮೇಲೆ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಬೈಸಿಕೊಂಡು ಬೋರ್ಡು ಬಿಚ್ಚಿ ಮತ್ತೆ ಬೆಸೆದ ಆ ಹುಡುಗರಿಗೆ ದೋಸೆ. ನನಗೆ ಕೃತಜ್ಞತೆ. ಯಶವಂತಪುರದಿಂದ ಒಬ್ಬರು ಕೇಳಿದರು. ಕೇಳದೆ ತಮ್ಮ ಸೋಲ್ಡರಿಂಗನ್ನೇ ಬೈದುಕೊಳ್ಳುವವರು ಇನ್ನೆಲ್ಲೆಲ್ಲಿ ಇದ್ದಾರೋ.

ಮರುದಿನ ಬೆಳಿಗ್ಗೆ ಅತೀಯಾಳನ್ನು ಟೆರೇಸಿಗೆ ಕರೆದೆ. ನೀರಿನ ಟ್ಯಾಂಕಿನ ನೆರಳಲ್ಲಿ ನಿಂತೆವು. ಏನು ಸಮಾಚಾರ, ಮದುವೆ ಗಿದುವೆ ಗೊತ್ತಾಯಿತಾ ಎಂದು ಅವಳು ರೇಗಿಸಿದಳು. ನಾನು ಲ್ಯಾಪ್‌ಟಾಪ್ ತೆರೆದು ಮ್ಯಾನ್ಯುವಲ್ಲಿನ ಪುಟ ತೋರಿಸಿದೆ. ಅವಳಿಗೆ ಅರ್ಥವಾಗಲು ನನ್ನ ವಿವರಣೆ ಬೇಕಾಗಲಿಲ್ಲ. ಹುಬ್ಬು ಗಂಟಿಕ್ಕಿ ಓದಿದಳು, ಅಷ್ಟೇ.

“ಛೇ. ಇದನ್ನ ನಾನ್ ನೋಡ್ಬೇಕಿತ್ತು” ಎಂದಳು. “ಹೋಗ್ಲಿ ಬಿಡು, ಇವತ್ತೇ ಫಿಕ್ಸ್ ಕಳಿಸ್ತೀನಿ, ಭಾನುವಾರದೊಳ್ಗೆ ಸೇರತ್ತೆ. ಮನೋಹರ್ ಸರ್ ಒಂದ್ ರೌಂಡ್ ಬೈತಾರೆ. ನಿನ್ ಕಣ್ಣಿಗೂ ಬೀಳ್ಲಿಲ್ಲ ಅಂದ್ಮೇಲೆ ನಂದೇನ್ ಮಹಾ.”

ಅಲ್ಲಿಗೇ ಬಿಡಬಹುದಿತ್ತು. ಅವಳೇ ನನಗೊಂದು ದಾರಿ ಮಾಡಿಕೊಟ್ಟಿದ್ದಳು.

“ನಾನು ಓದಿರ್ಲಿಲ್ಲ” ಎಂದೆ.

“ಯಾವ್ದನ್ನ?”

“ಮೂರನೇದು. ಓದ್ದೇನೇ ಹೆಸರು ಕೊಟ್ಟೆ.”

ಯಲಹಂಕದ ಕಡೆಯಿಂದ ವಾಯುಪಡೆಯ ವಿಮಾನವೊಂದು ಆಕಾಶ ಹರಿಯುವಂತೆ ಸದ್ದು ಮಾಡುತ್ತ ಹೋಯಿತು.

“ಯಾಕೆ?” ಎಂದಳು.

“ಅವತ್ತು ನೀನು ಅಳ್ತಿದ್ದೆ. ಟಾಯ್ಲೆಟ್‌ನಲ್ಲಿ. ಕೇಳಿಸ್ತು.”

“ಸೋ? ಪಾಪ ಅನ್ಸ್ತಾ?”

ನಾನು ಹೌದೆಂದು ತಲೆಯಾಡಿಸಿದೆ.

“ಅತ್ತೆ ಕಣೇ. ಅತ್ತು, ಮುಖ ತೊಳ್ಕೊಂಡು, ವಾಪಸ್ ಬಂದು ಹದಿನಾಲ್ಕೂ ಒಂದೊಂದಾಗಿ ಸರಿ ಮಾಡ್ದೆ. ಅದನ್ನ ನೀನು ನೋಡ್ಲೇ ಇಲ್ವಲ್ಲ. ಅಳೋದ್ ಕೇಳ್ಸ್ಕೊಂಡು ಅಲ್ಲೇ ನಿಂತ್ಬಿಟ್ಟೆ.” ಅವಳ ದನಿ ಏರಲಿಲ್ಲ. “ತಪ್ಪಾಗಿದ್ದಕ್ಕೆ ಬೇಜಾರಿಲ್ಲ. ಸಂಯುಗೇ ಒಂದೂ ಸಿಗ್ಲಿಲ್ಲ ಅಂತ ಮನೇಲಿ, ಅಬ್ಬಾನ ಅಂಗ್ಡೀಲಿ, ಎಲ್ರ ಹತ್ರಾನೂ ಹೇಳ್ಕೊಂಡು ತಿರುಗಿದ್ನಲ್ಲ. ಮನೇಗ್ ಬಂದೆ. ಅಮ್ಮಿ ಬಡ್ಸಿದ್ದು ತಿಂದೆ. ಅವಾಗ್ಲೂ ಹೇಳ್ಲಿಲ್ಲ.”

ಲ್ಯಾಪ್‌ಟಾಪನ್ನು ನನ್ನ ಕೈಗಿತ್ತು ಮೆಟ್ಟಿಲಿಳಿದು ಹೋದಳು.

ಮಧ್ಯಾಹ್ನದ ಹೊತ್ತಿಗೆ ಅವಳ ತಿದ್ದುಪಡಿ ಲಿಸ್ಟಿನಲ್ಲಿತ್ತು. ಚೊಕ್ಕಟವಾದ ನಾಲ್ಕು ಸಾಲು. ಕೆಳಗೆ ‘ಫಿಕ್ಸಸ್’ ಎಂದು ಅವಳದೇ ಪ್ಯಾಚಿನ ಹೆಸರು. ಅದರ ಕೆಳಗೆ ‘ರಿಪೋರ್ಟೆಡ್-ಬೈ’ ಎಂದು ನನ್ನ ಹೆಸರು. ತಪ್ಪನ್ನು ಹುಡುಕಿ ತಿಳಿಸಿದವರಿಗೆ ಸಲ್ಲುವ ಗೌರವ ಅದು. ನಾನು ಅವಳ ಮೇಜಿನ ಹತ್ತಿರ ಹೋಗಿ, ಅದನ್ನು ತೆಗಿ, ದಯವಿಟ್ಟು ತೆಗಿ ಎಂದೆ.

“ರೂಲ್ಸ್ ರೂಲ್ಸೇ ಅಲ್ವಾ? ಹೇಳ್ದೋರ್ ಹೆಸರು ಬರೀಬೇಕು.” ಪರದೆಯಿಂದ ಕಣ್ಣು ತೆಗೆಯಲಿಲ್ಲ.

ನಾನು ವಾಪಸು ಬಂದು ಅದೇ ಮೇಲಿಗೆ ಉತ್ತರ ಬರೆದೆ: ಹಿಂದಿನ ಪ್ಯಾಚಿಗೆ ನಾನು ಓದದೆಯೇ ನನ್ನ ಹೆಸರು ಕೊಟ್ಟಿದ್ದೆ. ಆ ವಾಕ್ಯ ಬಂದದ್ದೂ ನನ್ನ ಟಿಪ್ಪಣಿಯಿಂದ. ಓದಿದ್ದರೆ ಈ ತಪ್ಪು ಹೊರಗೆ ಹೋಗುತ್ತಿರಲಿಲ್ಲ. ಇದನ್ನು ಕಂಡುಹಿಡಿದವರು ನಾನಲ್ಲ, ಯಶವಂತಪುರದ ವೀರಬಸಪ್ಪನವರು. ನಂತರ ವೀರಬಸಪ್ಪನವರಿಗೂ ಇದ್ದದ್ದು ಇದ್ದಂತೆ ಬರೆದೆ. ಅವರಿಂದ ಉತ್ತರ ಬರಲಿಲ್ಲ.

ಲಿಸ್ಟಿನಲ್ಲಿ ಯಾರೂ ಬೈಯಲಿಲ್ಲ. ಇಷ್ಟು ಪ್ರಾಮಾಣಿಕವಾಗಿ ಹೇಳಿಕೊಳ್ಳುವವರು ಅಪರೂಪ ಎಂದು ಮೇಂಟೇನರ್ ಬರೆದರು. ಭಾನುವಾರದ ಬಿಡುಗಡೆಯಲ್ಲಿ ತಿದ್ದುಪಡಿ ಸೇರಿತು.

ಸೋಮವಾರದ ಮೀಟಿಂಗಿನಲ್ಲಿ ಮನೋಹರ್ ಸರ್ ಆ ಮೇಲನ್ನು ದೊಡ್ಡ ಪರದೆಯ ಮೇಲೆ ಹಾಕಿದರು. “ನೋಡ್ರಪ್ಪಾ, ಇಂಟೆಗ್ರಿಟಿ ಅಂದ್ರೆ ಇದು. ಕ್ಲೈಂಟ್ ನಂಗೆ ಫೋನ್ ಮಾಡಿ ಹೇಳಿದ್ರು, ಇಂಥೋರು ನಮ್ ಪ್ರಾಜೆಕ್ಟಲ್ಲಿ ಇರ್ಬೇಕು ಅಂತ.” ಎಲ್ಲರೂ ಚಪ್ಪಾಳೆ ತಟ್ಟಿದರು. ಅತೀಯಾಳೂ ತಟ್ಟಿದಳು. ನಂತರ ಅವಳನ್ನು ಕ್ಯಾಬಿನ್ನಿಗೆ ಕರೆದರು. ಐದು ನಿಮಿಷದಲ್ಲಿ ಹೊರಬಂದಳು. ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ.

ಕರೆಯದೆ ನಾನು ಆ ಕ್ಯಾಬಿನ್ನಿಗೆ ಹೋದದ್ದು ಅದೇ ಮೊದಲು.

“ಸರ್, ಅತೀಯಾದು ಯಾಕೆ ಮುಂದಕ್ಕೆ...”

“ಮೊದಲ್ನೇ ಪ್ಯಾಚಲ್ಲೇ ಬಗ್ ಆಯ್ತಲ್ಲಮ್ಮಾ. ನಾಳೆ ಕ್ಲೈಂಟ್ ಕೇಳಿದ್ರೆ ಏನ್ ಹೇಳ್ಲಿ? ಮೂರೇ ತಿಂಗ್ಳು. ಕೆಲ್ಸದಿಂದ ತೆಗೀತಿಲ್ವಲ್ಲ.”

“ನಾನ್ ಓದಿದ್ರೆ ಅದು ಹೊರಗೇ ಹೋಗ್ತಿರ್ಲಿಲ್ಲ ಸರ್.”

“ಅದನ್ನ ನೀನೇ ಒಪ್ಕೊಂಡ್ಯಲ್ಲ. ಅದೇ ದೊಡ್ಡದು.”

“ಒಪ್ಕೊಂಡೋಳಿಗೆ ಚಪ್ಪಾಳೆ, ತಿದ್ದಿದೋಳಿಗೆ ಮೂರ್ ತಿಂಗ್ಳಾ?”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಇಷ್ಟ್ ಮಾತು ಬರತ್ತಾ ನಿಂಗೆ? ಹೋಗ್ಲಿ, ನಿನ್ನ ವಾಪಸ್ ಪ್ರೊಬೇಷನ್‌ಗೆ ಹಾಕೋಣ ಅಂದ್ರೆ ಎಚ್.ಆರ್. ಸಾಫ್ಟ್‌ವೇರಲ್ಲಿ ಆ ಆಪ್ಷನ್ನೇ ಇಲ್ಲ ಕಣಮ್ಮಾ” ಎಂದು ನಕ್ಕರು. ನಾನು ನಗಲಿಲ್ಲ. ಬೇಕಿದ್ದರೆ ಅವಳ ಪರವಾಗಿ ಒಂದು ಮೇಲ್ ಹಾಕು, ಫೈಲಿಗೆ ಸೇರಿಸುತ್ತೇನೆ ಎಂದರು. ಹಾಕಿದೆ. ಸೇರಿಸಿದರು. ಬೇರೇನೂ ಆಗಲಿಲ್ಲ.

ನಮ್ಮ ಆಫೀಸಿನ ಗೋಡೆಗಳು ಪ್ಲೈವುಡ್ಡಿನವು. ಹೊರಬಂದಾಗ ಅತೀಯಾ ನನಗಾಗಿಯೇ ಕಾದಿದ್ದಳು.

“ನನ್ ಪರವಾಗಿ ಮಾತಾಡು ಅಂತ ನಿಂಗ್ಯಾರ್ ಹೇಳಿದ್ರು? ಮತ್ತೆ ಪಾಪ ಅನ್ಸ್ತಾ?”

ಇದು ಪಾಪ ಎನ್ನಿಸಿದ್ದಲ್ಲ, ನನ್ನದೇ ಹೊರೆ ಎಂದು ಹೇಳಬಹುದಿತ್ತೇನೋ. ಆದರೆ ನನ್ನ ಹೊರೆ ಇಳಿಸಿಕೊಳ್ಳಲು ಅವಳ ಹೆಸರನ್ನು ಮತ್ತೆ ಕ್ಯಾಬಿನ್ನಿಗೆ ಒಯ್ದಿದ್ದೆ ಎಂಬುದು ಅವಳು ಕೇಳಿದ ಮೇಲಷ್ಟೇ ನನಗೆ ತಿಳಿದದ್ದು. ಮಧ್ಯಾಹ್ನ ಅವಳು ಅಕೌಂಟ್ಸಿನ ರಮಾ ಜೊತೆ ಊಟಕ್ಕೆ ಹೋದಳು. ಮರುದಿನವೂ.

ತಿಂಗಳು ಕಳೆಯಿತು. ಅವಳ ಮುಂದಿನ ಪ್ಯಾಚು ಲಿಸ್ಟಿಗೆ ಬಂತು. ಈ ಸಲದ್ದು ಕಂಟ್ರೋಲರಿನ ಎದುರಿಗೆ, ಕೇಬಲ್ಲಿನ ಬದಿಯಲ್ಲಿ ಕೂರುವ ಚಿಪ್ಪು. ಓದಿ ಎಂದು ಅವಳು ಯಾರನ್ನು ಕೇಳಿದ್ದಳೋ ಆ ಹೆಸರುಗಳಲ್ಲಿ ನನ್ನದಿರಲಿಲ್ಲ. ಆದರೆ ಲಿಸ್ಟಿನಲ್ಲಿ ಬಂದದ್ದನ್ನು ಯಾರು ಬೇಕಾದರೂ ಓದಬಹುದು. ಇಡೀ ಬೆಳಿಗ್ಗೆ ಕೂತು ಓದಿದೆ. ಚೆನ್ನಾಗಿತ್ತು. ಒಂದೇ ಕಡೆ ಎಡವಿದಂತೆ ಕಂಡಿತು: ಚಿಪ್ಪು ಎಚ್ಚರಿಕೆ ಕೊಡುವ ತಂತಿಯ ಸಂಕೇತವನ್ನು ತಲೆಕೆಳಗಾಗಿ ಬರೆದಿದ್ದಳು.

ಎದ್ದು ಹೋಗಿ ಕಿವಿಯಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಲಿಸ್ಟಿನಲ್ಲಿ ಬರೆದರೆ ಮನೋಹರ್ ಸರ್ ನೋಡುತ್ತಾರೆ, ಅವಳ ಫೈಲಿಗೆ ಇನ್ನೊಂದು ಸೇರುತ್ತದೆ. ಬೇರೆ ಯಾರದೇ ಪ್ಯಾಚಾಗಿದ್ದರೆ ಹೇಗೆ ಬರೆಯುತ್ತಿದ್ದೆನೋ ಹಾಗೆಯೇ ಬರೆದು ಕಳಿಸಿದೆ.

ಅರ್ಧ ಗಂಟೆಯಲ್ಲಿ ಅವಳ ಉತ್ತರ ಲಿಸ್ಟಿಗೆ ಬಂತು. ನೀವು ಹೇಳುವುದು ಚಿಪ್ಪಿನ ಮೊದಲ ತಯಾರಿಕೆಗೆ ಸರಿ, ಎರಡನೆಯದರಲ್ಲಿ ಇದನ್ನು ತಿರುಗಿಸಿದ್ದಾರೆ, ಹೊಸ ಮ್ಯಾನ್ಯುವಲ್ಲಿನ ಇಂಥ ಅಧ್ಯಾಯ ನೋಡಿ, ಬೋರ್ಡಿನ ಮೇಲೆ ನಾನೇ ಅಳೆದಿದ್ದೇನೆ, ಬದಲಿಸುವುದಿಲ್ಲ. ಹೊಸ ಮ್ಯಾನ್ಯುವಲ್ ಇಳಿಸಿಕೊಂಡು ನೋಡಿದೆ. ಅವಳು ಬರೆದದ್ದೇ ಸರಿ. ನಾನು ಹಳೆಯದನ್ನು ಇಟ್ಟುಕೊಂಡು ಕೂತಿದ್ದೆ.

‘ನಿಮ್ಮದೇ ಸರಿ. ನಾನು ಹಳೆಯ ಮ್ಯಾನ್ಯುವಲ್ ನೋಡಿದ್ದೆ, ಕ್ಷಮಿಸಿ’ ಎಂದು ಬರೆದು, ಕೆಳಗೆ ನನ್ನ ಹೆಸರಿನ ಸಾಲು ಕೊಟ್ಟೆ.

ಮನೋಹರ್ ಸರ್ ಕ್ಯಾಬಿನ್ನಿನಿಂದ ತಲೆ ಹೊರಹಾಕಿದರು. “ಏನ್ರಮ್ಮಾ ಇದು, ಪಕ್ಕಪಕ್ಕದಲ್ಲಿ ಕೂತ್ಕೊಂಡು ಇಡೀ ಪ್ರಪಂಚದ ಮುಂದೆ ಜಗಳ ಆಡ್ತೀರಲ್ಲ? ನಲ್ಲೀ ನೀರಿಗೆ ಆಡ್ದಂಗೆ!”

ಅತೀಯಾ ನಕ್ಕಳು. ಅವರ ಮಾತಿಗೆ ನಕ್ಕದ್ದು. ನನ್ನ ಕಡೆ ನೋಡಲಿಲ್ಲ. ಆದರೆ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ ರೀತಿಯನ್ನು ನಾನು ನೋಡಿದೆ.

ಬೇರೆ ಯಾರೋ ಸೂಚಿಸಿದ ಒಂದು ಸಾಲನ್ನು ಬದಲಿಸಿ ಎರಡು ದಿನದ ಮೇಲೆ ಎರಡನೇ ಆವೃತ್ತಿ ಕಳಿಸಿದಳು. ಒಮ್ಮೆ ಕೊಟ್ಟ ಹೆಸರನ್ನು ಮುಂದಿನ ಆವೃತ್ತಿಗೂ ಒಯ್ಯುವುದು ವಾಡಿಕೆ. ನನ್ನ ಹೆಸರಿನ ಸಾಲು ಅಲ್ಲಿತ್ತು, ವಾಡಿಕೆಯಂತೆ, ಅಷ್ಟೇ. ಬದಲಾದದ್ದು ಒಂದೇ ಸಾಲು ಎಂದು ಅವಳೇ ಮೇಲೆ ಬರೆದಿದ್ದಳು. ಓದಲೇಬೇಕೆಂದಿರಲಿಲ್ಲ.

ಮೊದಲಿನಿಂದ ಓದತೊಡಗಿದೆ. ಪಕ್ಕದ ಮೇಜಿನಲ್ಲಿ ಅತೀಯಾ ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ಅವಳ ಕಾಯಮಾತಿಗೆ ಇನ್ನೂ ಎರಡು ತಿಂಗಳಿತ್ತು.